ಗುಂಡಿನ ಬೆನ್ನಲ್ಲಿ ತೂತು

ಕುವೈತಿನಲ್ಲಿ ನಾನು ಗುಂಡಿನ ಸ್ಟೋರು ನೋಡಿಕೊಳ್ಳುತ್ತೇನೆ ಎಂದರೆ ಊರಿನಲ್ಲಿ ಎಲ್ಲರೂ ನಗುತ್ತಾರೆ. "ಗುಂಡೇ ಸಿಗದ ದೇಶದಲ್ಲಿ ಗುಂಡಿನ ಸ್ಟೋರಾ?" ಎಂದು ನನ್ನ ಭಾವ ಪ್ರತಿ ರಜೆಯಲ್ಲೂ ಅದೇ ತಮಾಷೆ ಮಾಡುತ್ತಾನೆ. ಅವನಿಗೆ ಗೊತ್ತಿರುವ ಗುಂಡು ಬಾಟಲಿಯಲ್ಲಿ ಬರುವಂಥದ್ದು. ನನ್ನದು ಪಿಸ್ತೂಲಿನದು.

ನಾನು ಕೆಲಸ ಮಾಡುವುದು ಊರ ಹೊರಗಿನ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ. ರಿಗ್ಗೈ ಬಡಾವಣೆಯ ನಮ್ಮ ಫ್ಲಾಟಿನ ಕೆಳಗಿನಿಂದ ಬೆಳಿಗ್ಗೆ ವ್ಯಾನು ಹತ್ತಿಸಿಕೊಂಡು ಹೋಗುತ್ತದೆ. ಸೇರಿದ್ದು ಟೈಪಿಸ್ಟ್ ಆಗಿ. ಹಳೆಯ ಸ್ಟೋರ್ ಕೀಪರ್ ಊರಿಗೆ ಹೋದವನು ವಾಪಸ್ ಬರಲಿಲ್ಲ. ಮುದೀರ್, ಅಂದರೆ ನಮ್ಮ ಮ್ಯಾನೇಜರು, "ನಾಳೆಯವರೆಗೆ ಇಟ್ಟುಕೊ" ಎಂದು ಬೀಗದ ಕೈ ನನ್ನ ಕೈಗೆ ಕೊಟ್ಟರು. ಆ ನಾಳೆ ಒಂಬತ್ತು ವರ್ಷವಾದರೂ ಬಂದಿಲ್ಲ. ಮದ್ದು, ಸೀಸದ ಗುಂಡು, ಪ್ರೈಮರುಗಳ ಪೆಟ್ಟಿಗೆ ಎಲ್ಲ ಕಬ್ಬಿಣದ ಕಪಾಟಿನಲ್ಲಿ. ವಿಶೇಷ ಪರವಾನಗಿ ಇರುವ ಕೆಲವೇ ಸದಸ್ಯರು ಪಕ್ಕದ ಕೋಣೆಯಲ್ಲಿ ಕುಳಿತು ತಮ್ಮ ಗುಂಡುಗಳನ್ನು ತಾವೇ ತುಂಬಿಕೊಳ್ಳುತ್ತಾರೆ. ನಾನು ಅವರಿಗೆ ಬೇಕಾದ್ದನ್ನು ತೆಗೆದುಕೊಟ್ಟು ಸಹಿ ಹಾಕಿಸಿಕೊಳ್ಳಬೇಕು. ದಿನಕ್ಕೆ ಎರಡು ಸಲ ಸ್ಟೋರಿನ ತಾಪಮಾನ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ಈ ಎರಡನೆಯ ಕೆಲಸದ ಬಗ್ಗೆ ಮುಂದೆ ಹೇಳುತ್ತೇನೆ. ಈಗಲೇ ಹೇಳಲು ನಾಚಿಕೆ.

ಬಂದೂಕು ರಿಪೇರಿಯ ಮೇಸ್ತ್ರಿ ಕಾಪುವಿನ ಕಡೆಯವರು. ನನಗೆ ಅವರು ಅಣ್ಣ, ಅವರಿಗೆ ನಾನು ಬಾಯಮ್ಮ; ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವುದೇ ಹಾಗೆ. ಅವರ ಮನೆಮಾತು ತುಳು, ನನ್ನದು ಕೊಂಕಣಿ. ನನ್ನ ತುಳು ಕೇಳಿದರೆ ಅವರಿಗೆ ನಗು, ಅವರ ಕೊಂಕಣಿ ಕೇಳಿದರೆ ನನಗೆ ಸಿಟ್ಟು. ಹಾಗಾಗಿ ಮಂಗಳೂರು ಕನ್ನಡದಲ್ಲಿ ಒಪ್ಪಂದ ಮಾಡಿಕೊಂಡಿದ್ದೇವೆ.

ಸ್ವಂತ ಗುಂಡು ತುಂಬುವವರಲ್ಲಿ ಎಲ್ಲರಿಗಿಂತ ಹಿರಿಯರು ಒಬ್ಬ ನಿವೃತ್ತ ಕರ್ನಲ್. ಎಲ್ಲರೂ ಅವರನ್ನು ಅಕೀದ್ ಎಂದೇ ಕರೆಯುತ್ತಿದ್ದರು. ಅರಬ್ಬಿಯಲ್ಲಿ ಕರ್ನಲ್ ಎಂದರ್ಥ. ಎಪ್ಪತ್ತು ದಾಟಿದ ಒಣಕಲು ಆಳು. ಅವರ ಬಿಳಿ ದಿಶ್ದಾಶ ನಿಲುವಂಗಿಯ ಇಸ್ತ್ರಿಯ ಗೆರೆಯಲ್ಲಿ ಸೌತೆಕಾಯಿ ಹೆಚ್ಚಬಹುದಿತ್ತು. ಹಳೆಯ ಹಿಂದಿ ಸಿನೆಮಾಗಳಿಂದ ಕಲಿತ ಹಿಂದಿಗೆ ಅರ್ಧ ಇಂಗ್ಲಿಷು, ಕಾಲು ಅರಬ್ಬಿ ಬೆರೆಸಿ ಮಾತಾಡುತ್ತಿದ್ದರು. ಹೊಡೆದ ಗುಂಡಿನ ಖಾಲಿ ಹಿತ್ತಾಳೆ ಚಿಪ್ಪುಗಳನ್ನು ತೊಳೆದು, ಒಣಗಿಸಿ, ಬಂಗಾರದ ಬಳೆಯಂತೆ ಹೊಳೆಸಿ, ಮದ್ದನ್ನು ತೂಗಿ ತುಂಬುತ್ತಿದ್ದರು. ಆ ಹೊತ್ತಿನಲ್ಲಿ ಯಾರಾದರೂ ಸೀನಿದರೆ ತಕ್ಕಡಿಯ ಕೆಲಸ ಮೊದಲಿಂದ ಶುರು. ಕಾರ್ಖಾನೆಯ ಗುಂಡು ಹೊಡೆಯುವುದೆಂದರೆ ಅವರಿಗೆ ಹೋಟೆಲ್ ಊಟ ಮಾಡಿದಷ್ಟೇ ಅವಮಾನ.

ಆಗಸ್ಟಿನ ಒಂದು ಸೋಮವಾರ ಅವರು ನನ್ನ ಕಿಟಕಿಯ ಕಟ್ಟೆಯ ಮೇಲೆ ಒಂದು ಹಿಡಿ ಖಾಲಿ ಚಿಪ್ಪುಗಳನ್ನು ಸುರಿದರು.

"ಶೂಫ್!" ಎಂದರು. ನೋಡು ಎಂದು.

ನೋಡಿದೆ. ಪ್ರತಿ ಚಿಪ್ಪಿನ ತಳದ ನಡುವೆ ಸಣ್ಣ ಬಟ್ಟಲಿನಂಥ ಪ್ರೈಮರ್ ಇರುತ್ತದೆ. ಪಿಸ್ತೂಲಿನೊಳಗಿನ ಪಿನ್ನು ಬಂದು ಅದಕ್ಕೆ ಬಡಿದಾಗ ಕಿಡಿ ಹುಟ್ಟಿ ಮದ್ದು ಹೊತ್ತಿಕೊಳ್ಳುತ್ತದೆ. ಬಡಿದ ಜಾಗದಲ್ಲಿ ಒಂದು ತಗ್ಗು ಬೀಳಬೇಕು, ಅಷ್ಟೇ. ಇಲ್ಲಿ ತಗ್ಗಿನ ನಡುವೆ ಸೂಜಿಮೊನೆಯಷ್ಟು ತೂತು, ಸುತ್ತ ಮಸಿ. ತೂತು ಬಿದ್ದರೆ ಒಳಗಿನ ಬಿಸಿ ಗಾಳಿ ಹಿಂದಕ್ಕೆ, ಹೊಡೆಯುವವರ ಮುಖದ ಕಡೆಗೇ ನುಗ್ಗುತ್ತದೆ. ಅಕೀದರ ರಕ್ಷಣೆಯ ಕನ್ನಡಕದ ಗಾಜಿನ ಮೇಲೂ ಎರಡು ಕಪ್ಪು ಚುಕ್ಕೆ ಕುಳಿತಿತ್ತು.

"ನಿನ್ನ ಸ್ಟೋರು, ಸಿಸ್ಟರ್. ಸೆಕೆಗೆ ಪ್ರೈಮರ್ ಕೆಟ್ಟಿದೆ. ಎಸಿ ನಿಂತಿರಬೇಕು."

"ಎಸಿ ನಿಂತೇ ಇಲ್ಲ ಸರ್. ರಿಜಿಸ್ಟರ್ ನೋಡಿ," ಎಂದು ನಾನು ರಿಜಿಸ್ಟರನ್ನು ಅವರ ಮುಂದೆ ತಳ್ಳಿದೆ. ಜೀವನದಲ್ಲಿ ಮಾಡಿದ ಮೂರ್ಖ ಕೆಲಸಗಳಲ್ಲಿ ಅದಕ್ಕೆ ಮೇಲಿನ ಸ್ಥಾನವಿದೆ.

ಅವರು ಓದುವ ಕನ್ನಡಕ ಹಾಕಿ ಪುಟದ ಮೇಲೆ ಬೆರಳಿಟ್ಟರು. ಇಪ್ಪತ್ತೆರಡು, ಇಪ್ಪತ್ತೆರಡು, ಇಪ್ಪತ್ತೆರಡು. ಬೆರಳು ಒಂದು ಕಡೆ ನಿಂತಿತು.

"ಸ್ಟೋರಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ?"

"ನನ್ನ ಹತ್ತಿರವೇ ಸರ್."

"ಶುಕ್ರವಾರ ನೀನು ಎಲ್ಲಿರುತ್ತೀ?"

"ಚರ್ಚಿನಲ್ಲಿ." ಇಲ್ಲಿ ವಾರದ ರಜೆ ಶುಕ್ರವಾರ, ನಮ್ಮ ಪೂಜೆಯೂ ಅಂದೇ.

"ಹಾಗಾದರೆ ಶುಕ್ರವಾರ ಇಪ್ಪತ್ತೆರಡು ಎಂದು ಬರೆದದ್ದು ಯಾರು? ಜಿನ್ನು ಭೂತವಾ?"

ನಾನು ರಿಜಿಸ್ಟರನ್ನು ಮೆಲ್ಲಗೆ ನನ್ನ ಕಡೆಗೆ ಎಳೆದುಕೊಂಡೆ. ನಿಜ ಹೇಳಬೇಕೆಂದರೆ, ಭಾನುವಾರ ಬೆಳಿಗ್ಗೆ ಚಹಾ ಕುಡಿಯುತ್ತಾ ಹಿಂದಿನ ಇಡೀ ವಾರದ ಇಪ್ಪತ್ತೆರಡುಗಳನ್ನು ಒಟ್ಟಿಗೇ ಬರೆದುಬಿಡುವುದು ನನಗೆ ಎಷ್ಟೋ ವರ್ಷದ ಅಭ್ಯಾಸ. ಎಸಿ ನಿಜವಾಗಿಯೂ ಇಪ್ಪತ್ತೆರಡರಲ್ಲೇ ಇರುತ್ತಿತ್ತು. ಆದರೆ ಅದನ್ನು ಈಗ ಯಾರು ನಂಬುತ್ತಾರೆ?

"ಬುಧವಾರ ಬರುತ್ತೇನೆ. ಬಂದು ಮುದೀರ್ ಹತ್ತಿರ ಮಾತಾಡುತ್ತೇನೆ. ಖಲಾಸ್," ಎಂದು ಅವರು ಹೊರಟರು.

ನನ್ನ ಇಕಾಮಾ ಕ್ಲಬ್ಬಿನದ್ದು. ಕೆಲಸ ಹೋದರೆ ಈ ದೇಶದಲ್ಲಿ ಇರುವ ಕಾಗದವೂ ಹೋಗುತ್ತದೆ. ಚಿಪ್ಪುಗಳನ್ನು ಡಬ್ಬಿಗೆ ತುಂಬಿಕೊಂಡು ಅಣ್ಣನ ವರ್ಕ್‌ಶಾಪಿಗೆ ಓಡಿದೆ. ಅವರು ಚಪಾತಿ ತಿನ್ನುತ್ತಿದ್ದರು.

"ಎಂತ ಬಾಯಮ್ಮ, ಯಾರಾದ್ರೂ ಸತ್ರಾ?"

"ನಾನೇ ಸಾಯೋದು ಬಾಕಿ. ಇದನ್ನು ನೋಡಿ."

ಅವರು ಕೈ ಒರೆಸಿಕೊಂಡು ದಪ್ಪ ಭೂತಗನ್ನಡಿ ತೆಗೆದರು. ಒಂದೊಂದೇ ಚಿಪ್ಪನ್ನು ತಿರುಗಿಸಿ ನೋಡಿದರು. ಆಮೇಲೆ ಮೈದಾನದಿಂದ ಗುಡಿಸಿ ತಂದ ಚಿಪ್ಪಿನ ಬಕೆಟ್ಟನ್ನು ನನ್ನ ಮುಂದೆ ಮಗುಚಿದರು.

"ಇದೇ ಪೆಟ್ಟಿಗೆಯ ಪ್ರೈಮರ್ ಬೇರೆ ಯಾರಿಗೆಲ್ಲ ಕೊಟ್ಟಿದ್ದೀರಿ?"

"ಮತ್ತೆ ಮೂರು ಮಂದಿಗೆ."

"ಹುಡುಕಿ."

ಊಟದ ಬಿಡುವು ಪೂರ್ತಿ ನೆಲದ ಮೇಲೆ ಕುಳಿತು ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಚಿಪ್ಪು ಆರಿಸಿದೆವು. ಆ ಮೂವರು ಬಳಸುವ ಕಂಪನಿಯ ಮುದ್ರೆ ನೋಡಿ ಅವರ ಚಿಪ್ಪುಗಳನ್ನೂ ಪತ್ತೆಹಚ್ಚಿದೆವು. ಒಂದರಲ್ಲೂ ತೂತಿಲ್ಲ. ನನ್ನ ಜೀವಕ್ಕೆ ಅರ್ಧ ಸಮಾಧಾನವಾಯಿತು. ಸೆಕೆಗೆ ಕೆಟ್ಟಿದ್ದರೆ ಎಲ್ಲರದ್ದೂ ಕೆಡಬೇಕಿತ್ತಲ್ಲ?

"ಹಾಗಾದ್ರೆ ಅವರು ಮದ್ದು ಜಾಸ್ತಿ ತುಂಬಿದ್ದಾರಾ?" ಎಂದು ಕೇಳಿದೆ.

"ಜಾಸ್ತಿ ಆದ್ರೆ ಪ್ರೈಮರ್ ಒತ್ತಿ ಹಿಡಿದ ಹಾಗೆ ಚಪ್ಪಟೆ ಆಗ್ತದೆ. ಇದರ ಅಂಚು ನೋಡಿ, ಉರುಟಾಗಿಯೇ ಉಂಟು. ಮದ್ದಿನದ್ದಲ್ಲ ಅಂತ ಕಾಣ್ತದೆ." ಅವರು ಭೂತಗನ್ನಡಿ ನನ್ನ ಕೈಗೆ ಕೊಟ್ಟರು. "ನಡುವೆ ನೋಡಿ ಈಗ."

ಬಡಿದದ್ದರಿಂದ ಹರಿದ ತೂತಲ್ಲ ಅದು. ಕೊರೆದು ತೆಗೆದ ಹಾಗಿತ್ತು. ನನಗೆ ತಟ್ಟನೆ ಅಮ್ಮನ ಹೊಲಿಗೆ ಮಿಷನು ನೆನಪಾಯಿತು. ಸೂಜಿಯ ಮೊನೆ ಮುಕ್ಕಾದಾಗ ಅದು ಪಾಪ್ಲಿನ್ ಬಟ್ಟೆಯಲ್ಲಿ ಹೊಲಿಗೆಯ ಬದಲು ಇಂಥದ್ದೇ ತೂತುಗಳ ಸಾಲು ಹಾಕುತ್ತಿತ್ತು. ಅಮ್ಮ ಬಟ್ಟೆಯಂಗಡಿಯವನಿಗೆ ಬೈದು ಬೈದು ಸುಸ್ತಾದ ಮೇಲೆ ಸೂಜಿ ಬದಲಾಯಿಸುತ್ತಿದ್ದಳು.

"ಸೂಜಿ," ಎಂದೆ.

"ಪಿನ್ನು," ಎಂದು ಅಣ್ಣ ತಿದ್ದಿದರು. "ನನಗೂ ಅದೇ ಸಂಶಯ. ಆದ್ರೆ ಅವರಿಗೆ ಹೇಳುವವರು ಯಾರು ಮಾರಾಯ್ತಿ? ತನ್ನ ಪಿಸ್ತೂಲನ್ನು ಮುಟ್ಲಿಕ್ಕೆ ಬಿಡುವುದಿಲ್ಲ. ಹೋದ ವರ್ಷ ಸ್ಪ್ರಿಂಗ್ ಬದಲಾಯಿಸುವ ಅಂದದ್ದಕ್ಕೆ ಅರ್ಧ ಗಂಟೆ ಯುದ್ಧದ ಕಥೆ ಹೇಳಿದ್ರು. ಸ್ಪ್ರಿಂಗ್ ಈಗಲೂ ಹಳತೇ."

ಹೇಳಿ ಪ್ರಯೋಜನವಿಲ್ಲ, ತೋರಿಸಬೇಕು. ಹೇಗೆ ಎಂದು ಯೋಚಿಸುವಾಗ ನನ್ನ ತಲೆಯಲ್ಲಿ ಒಂದು ಕಿತಾಪತಿ ಹೊಳೆಯಿತು. ಅಕೀದರು ಮರುಬಳಸುವ ಚಿಪ್ಪುಗಳು ಯಾವ ಕಂಪನಿಯವೋ, ಅದೇ ಕಂಪನಿಯ ಹೊಸ ಗುಂಡು ಆ ದಿನ ಬೆಳಿಗ್ಗೆಯಷ್ಟೇ ನನ್ನ ಸ್ಟೋರಿಗೆ ಬಂದಿತ್ತು. ಅವರು ಹೊಳೆಸುವ ಪರಿಗೆ ಅವರ ಹಳೆಯ ಚಿಪ್ಪಿಗೂ ಹೊಸದಕ್ಕೂ ಇರುವ ವ್ಯತ್ಯಾಸ ದೇವರಿಗೂ ತಿಳಿಯಲಿಕ್ಕಿಲ್ಲ. ಅವರು ತುಂಬಿಟ್ಟ ಗುಂಡಿನ ಡಬ್ಬಿಯೂ ನನ್ನ ಸ್ಟೋರಿನಲ್ಲೇ ಇರುತ್ತಿತ್ತು, ಅದರ ಮೊದಲ ಸಾಲಿನಲ್ಲಿ ಐದು ಗುಂಡು. ಆ ಐದನ್ನು ತೆಗೆದು, ಕಾರ್ಖಾನೆಯ ಐದನ್ನು ಅಲ್ಲಿ ಕೂರಿಸಿದರೆ?

ಅಣ್ಣ ನನ್ನನ್ನು ಭೂತಗನ್ನಡಿಯಿಂದಲೇ ನೋಡಿದರು.

"ಬಾಯಮ್ಮ, ಇದು ತಪ್ಪಾಗ್ತದೆ."

"ಶುಕ್ರವಾರದ ಇಪ್ಪತ್ತೆರಡು ಅದಕ್ಕಿಂತ ದೊಡ್ಡ ತಪ್ಪು ಅಣ್ಣ."

ಅವರು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡರು. ಕೊನೆಗೆ ಷರತ್ತು ಹಾಕಿದರು: ಐದೇ ಗುಂಡು, ಒಂದೂ ಹೆಚ್ಚಿಲ್ಲ, ಗುಂಡು ಸರಿಯಾದ ಅಳತೆಯದ್ದೇ ಎಂದು ತಾವೇ ನೋಡಬೇಕು, ಅಕೀದರು ಕಣ್ಣು ಪೂರ್ತಿ ಮುಚ್ಚುವ ಕನ್ನಡಕ ಹಾಕಿದ ಮೇಲೆಯೇ ಹೊಡೆಯಬೇಕು, ತಾವು ಪಕ್ಕದಲ್ಲೇ ನಿಂತಿರಬೇಕು. ಅಕೀದರ ಐದು ಗುಂಡುಗಳನ್ನು ಲಕೋಟೆಗೆ ಹಾಕಿ ಅಂಟಿಸಿ, ಅಂಟಿನ ಮೇಲೆ ಇಬ್ಬರೂ ಸಹಿ ಮಾಡಿದೆವು. ಕಳ್ಳತನಕ್ಕೂ ರಸೀದಿ ಬರೆದ ಹಾಗಾಯಿತು ಎಂದು ಅಣ್ಣ ನಕ್ಕರು. ನನಗೆ ನಗು ಬರಲಿಲ್ಲ.

ಬುಧವಾರ ಅಕೀದರು ಸರಿಯಾದ ಹೊತ್ತಿಗೆ ಬಂದರು. ಅಣ್ಣ ದೊಡ್ಡ ಕನ್ನಡಕ ಕೊಟ್ಟು, "ಸರ್, ಮೊನ್ನೆ ಮಸಿ ಹಾರಿತ್ತಲ್ಲ, ಇದನ್ನು ಹಾಕಿ," ಎಂದರು. ಅದಕ್ಕೆ ಅವರು ಒಪ್ಪಿದರು. ನಾನು ಸ್ಟೋರಿಗೆ ಬೀಗ ಜಡಿದು, ಕಿವಿಗೆ ಮುಚ್ಚಳ ಹಾಕಿಕೊಂಡು ಹಿಂದೆ ನಿಂತೆ. ಲಕೋಟೆ ನನ್ನ ಚೂಡಿದಾರದ ಜೇಬಿನಲ್ಲಿತ್ತು.

ಐದು ಸದ್ದಾಯಿತು. ಅಣ್ಣ ಬಗ್ಗಿ ಚಿಪ್ಪು ಹೆಕ್ಕಿ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದರು. ನಾಲ್ಕರಲ್ಲಿ ತೂತು.

ಅಕೀದರ ಮುಖ ಬೆಳಗಿತು. ತನ್ನ ಗುಂಡು ಹಾಳಾದದ್ದಕ್ಕೆ ಅಷ್ಟು ಖುಷಿಪಟ್ಟವರನ್ನು ನಾನು ಬೇರೆಲ್ಲೂ ನೋಡಿಲ್ಲ. "ನಾನು ಏನು ಹೇಳಿದೆ? ಸ್ಟೋರು! ಪ್ರೈಮರ್ ಬೆಂದು ಹೋಗಿದೆ! ಯಲ್ಲಾ, ಮುದೀರ್ ಹತ್ತಿರ ಹೋಗೋಣ."

ನಾನು ಲಕೋಟೆಯನ್ನು ಮೇಜಿನ ಮೇಲಿಟ್ಟೆ.

"ಸರ್, ನೀವು ತುಂಬಿದ ಐದು ಗುಂಡು ಇದರಲ್ಲಿವೆ. ಈಗ ಹೊಡೆದದ್ದು ಸೋಮವಾರವಷ್ಟೇ ಬಂದ ಕಾರ್ಖಾನೆಯ ಗುಂಡು. ಅದರ ಪ್ರೈಮರ್ ನನ್ನ ಪೆಟ್ಟಿಗೆಯ ಪ್ರೈಮರ್ ಅಲ್ಲ, ಮದ್ದು ನಿಮ್ಮ ಮದ್ದಲ್ಲ. ತೂತು ಮಾತ್ರ ಅದೇ."

ಅವರು ಲಕೋಟೆ ಹರಿದು ನೋಡಿದರು. ಚಿಪ್ಪುಗಳನ್ನು ನೋಡಿದರು. ಆಮೇಲೆ ನಮ್ಮಿಬ್ಬರನ್ನು ನೋಡಿದರು.

"ಯಾರ ಯೋಚನೆ ಇದು?"

ಅಣ್ಣನಿಗೆ ಇದ್ದಕ್ಕಿದ್ದಂತೆ ಚಾವಣಿಯ ಟ್ಯೂಬ್‌ಲೈಟಿನ ಮೇಲೆ ಬಹಳ ಆಸಕ್ತಿ ಬಂತು.

"ನನ್ನದು," ಎಂದೆ.

"ನೀನು ನನ್ನ ಪಡೆಯಲ್ಲಿ ಇದ್ದಿದ್ದರೆ..." ಎಂದು ಅವರು ಅಲ್ಲಿಗೇ ನಿಲ್ಲಿಸಿದರು.

"ಪ್ರಮೋಷನ್ ಕೊಡುತ್ತಿದ್ದಿರಾ ಸರ್?"

ಇದು ಹೇಗೆ ಬಾಯಿಂದ ಬಿತ್ತೋ ನನಗೆ ಇಂದಿಗೂ ಗೊತ್ತಿಲ್ಲ. ಅಣ್ಣ ಕಣ್ಣು ಮುಚ್ಚಿಕೊಂಡರು. ಅಕೀದರ ಮೀಸೆ ಒಮ್ಮೆ ಅಲ್ಲಾಡಿತು. ನಗಲಿಲ್ಲ, ಪಿಸ್ತೂಲನ್ನು ಖಾಲಿ ಮಾಡಿ, ಎರಡು ಸಲ ನೋಡಿ, ಅಣ್ಣನ ಮುಂದೆ ಇಟ್ಟರು. "ಬಿಚ್ಚು," ಎಂದರು.

ಪಿನ್ನು ಹೊರಬಂತು. ಉದ್ದಿನಕಾಳಿನ ಹಾಗೆ ನುಣ್ಣಗೆ ಉರುಟಾಗಿರಬೇಕಾದ ಮೊನೆ ಚಪ್ಪಟೆಯಾಗಿ, ಅಂಚು ಬ್ಲೇಡಿನಂತೆ ಹರಿತವಾಗಿತ್ತು. ಮೇಲೆ ಬಿಸಿ ಗಾಳಿ ತಿಂದ ಗುಳಿಗಳು. ಅಣ್ಣ ಅದನ್ನು ಬೆರಳ ತುದಿಯಲ್ಲಿ ಸವರಿ, ಬಹಳ ವಿನಯದಿಂದ ಕೇಳಿದರು, "ಸರ್, ಇದಕ್ಕೆ ಅರ ಹಾಕಿದ್ದು ಯಾರು?"

ಈಗ ಟ್ಯೂಬ್‌ಲೈಟ್ ನೋಡುವ ಸರದಿ ಅಕೀದರದ್ದು. ಅದನ್ನೇ ನೋಡುತ್ತಾ ಹೇಳಿದರು. ಹೋದ ತಿಂಗಳ ಒಂದು ಸ್ನೇಹಕೂಟದ ಪಂದ್ಯದಲ್ಲಿ, ಸೈನ್ಯದ ಹಳೆಯ ಗೆಳೆಯರೆಲ್ಲ ನೋಡುತ್ತಿರುವಾಗ ಅವರ ಪಿಸ್ತೂಲು ಟಕ್ ಎಂದಿತಂತೆ, ಗುಂಡು ಹಾರಲಿಲ್ಲವಂತೆ. ಗೆಳೆಯರು ನಕ್ಕರು. ಮನೆಗೆ ಹೋದವರೇ ಪಿನ್ನು ತೆಗೆದು, ಇನ್ನೊಮ್ಮೆ ಹಾಗಾಗದಿರಲಿ ಎಂದು ಅರದಿಂದ ತಿಕ್ಕಿ ಮೊನೆ ಚೂಪು ಮಾಡಲು ಹೋದರು. ಹೆಂಡತಿ, ಗೊತ್ತಿಲ್ಲದ್ದಕ್ಕೆ ಕೈ ಹಾಕಬೇಡಿ ಎಂದಿದ್ದಳಂತೆ.

"ಆಕೆಗೆ ಇದು ತಿಳಿಯುವುದು ಬೇಡ," ಎಂದರು ನನ್ನ ಕಡೆ ನೋಡಿ. ಅವರ ಹೆಂಡತಿಯ ಮುಖವನ್ನೇ ನೋಡದ ನಾನು ಗಂಭೀರವಾಗಿ ತಲೆಯಾಡಿಸಿದೆ.

ಅಣ್ಣ ಹೊಸ ಪಿನ್ನು ಕೂರಿಸಿದರು. ಮಾತಾಡದೆ ಹೊಸ ಸ್ಪ್ರಿಂಗನ್ನೂ ಹಾಕಿಬಿಟ್ಟರು. ಯುದ್ಧದ ಕಥೆ ಹೊರಬರಲಿಲ್ಲ. ಆಮೇಲೆ ಲಕೋಟೆಯ ಐದೂ ಗುಂಡು ಹಾರಿದವು. ಐದರಲ್ಲೂ ನುಣ್ಣನೆಯ ತಗ್ಗು, ಒಂದೂ ತೂತಿಲ್ಲ. ಅಕೀದರಿಗೆ ನಂಬಿಕೆ ಬರಲು ಇನ್ನೂ ಒಂದು ಡಬ್ಬಿ ಬೇಕಾಯಿತು. ಪ್ರತಿ ಚಿಪ್ಪನ್ನೂ ನನ್ನ ಅಂಗೈಯಲ್ಲಿಟ್ಟು "ಶೂಫ್" ಎನ್ನುತ್ತಿದ್ದರು, ತಗ್ಗನ್ನು ತಾವೇ ಕೈಯಾರೆ ಕೆತ್ತಿದಂತೆ.

ಇಷ್ಟಕ್ಕೆ ನಾನು ಬಚಾವಾದೆ ಎಂದುಕೊಂಡೆ. ಇಲ್ಲ. ಅವರು ನೇರ ಮುದೀರ್ ಕೋಣೆಗೆ ನಡೆದರು, ನಾವಿಬ್ಬರೂ ಹಿಂದೆ. ಪಿನ್ನಿನ ವಿಷಯ ಹೇಳಿದರು, ತಪ್ಪು ತಮ್ಮದು ಎಂದರು. ಡಬ್ಬಿಯಲ್ಲಿ ಗುಂಡು ಬದಲಾಯಿಸಿದ್ದನ್ನು ಹೇಳಿದರು. ಆಮೇಲೆ ಶುಕ್ರವಾರದ ಇಪ್ಪತ್ತೆರಡನ್ನೂ ಹೇಳಿದರು. ನ್ಯಾಯ ಎಂದರೆ ಪೂರ್ತಿ ಹೇಳಬೇಕಂತೆ. ಮರುದಿನ ನನಗೊಂದು ಪತ್ರ ಬಂತು. ಮೊದಲ ಪ್ಯಾರಾದಲ್ಲಿ ಎಚ್ಚರಿಕೆ, ಎರಡನೆಯ ಪ್ಯಾರಾದಲ್ಲಿ ಶ್ಲಾಘನೆ. ಎರಡನೆಯದನ್ನು ಅಕೀದರೇ ಹೇಳಿ ಬರೆಸಿದ್ದು ಎಂದು ಆಮೇಲೆ ತಿಳಿಯಿತು. ಮೊದಲನೆಯದನ್ನೂ ಅವರೇ ಎಂದು ಅಣ್ಣನ ವಾದ. ಅಣ್ಣನಿಗೆ ಒಂದೇ ಪ್ಯಾರಾದ ಪತ್ರ. ಯಾವ ಪ್ಯಾರಾ ಎಂದು ಅವರು ಹೇಳುವುದಿಲ್ಲ, ಅವರಿಗೆ ಇನ್ನೂ ಸಿಟ್ಟಿದೆ. ಸ್ಟೋರಿನ ಗೋಡೆಗೆ ತಾನೇ ಬರೆದುಕೊಳ್ಳುವ ಒಂದು ಥರ್ಮಾಮೀಟರ್ ಬಂತು. ಅದು ಶುಕ್ರವಾರವೂ ಕೆಲಸ ಮಾಡುತ್ತದೆ.

ಮುಂದಿನ ವಾರ ಅಕೀದರು ನನ್ನ ಕಿಟಕಿಗೆ ಬಂದು, "ಸಿಸ್ಟರ್, ಒಂಬತ್ತು ವರ್ಷ ಗುಂಡು ಕಾದಿದ್ದೀ. ಒಮ್ಮೆಯಾದರೂ ಹೊಡೆದಿದ್ದೀಯಾ?" ಎಂದು ಕೇಳಿದರು.

ಇಲ್ಲ ಎಂದೆ. ಮುದೀರ್ ಒಪ್ಪಿಗೆ ಕೊಟ್ಟರು. ಅಣ್ಣ ಹಿಂದೆ ನಿಂತು ನನ್ನ ಮೊಣಕೈ ನೆಟ್ಟಗೆ ಮಾಡಿದರು. ಅಕೀದರು ತಾವೇ ತುಂಬಿದ ಐದು ಗುಂಡು ಕೊಟ್ಟರು, ಮಗಳಿಗೆ ಬಳೆ ತೊಡಿಸುವಷ್ಟು ನಾಜೂಕಾಗಿ. ಪಕ್ಕದ ಸಾಲಿನಲ್ಲಿ ದಪ್ಪ ಮೀಸೆಯ ಒಬ್ಬ ಲೆಬನಾನಿನ ಸದಸ್ಯರು ತಮ್ಮ ಐದನ್ನು ಮುಗಿಸಿ ಕೈಕಟ್ಟಿ ನನ್ನನ್ನು ನೋಡುತ್ತಿದ್ದರು. ನಾನು ಉಸಿರು ಬಿಗಿಹಿಡಿದೆ, ಕಣ್ಣನ್ನೂ ಬಿಗಿಯಾಗಿ ಮುಚ್ಚಿಕೊಂಡೆ, ಒಂದಾದ ಮೇಲೊಂದು ಐದನ್ನೂ ಹೊಡೆದೆ. ಹೆಗಲು ಜುಮ್ಮೆಂದಿತು. ನಗು ತಡೆಯಲಾಗಲಿಲ್ಲ.

ಗುರಿಯ ಕಾಗದ ಹತ್ತಿರ ಬಂತು. ಮಲ್ಲಿಗೆ ಹೂವಿನಷ್ಟು ಬೆಳ್ಳಗಿತ್ತು. ಒಂದು ಗೀರು ಕೂಡ ಇಲ್ಲ.

ಪಕ್ಕದವರ ಕಾಗದವೂ ಬಂತು. ಅಣ್ಣ ಅದನ್ನು ಒಮ್ಮೆ ಎಣಿಸಿದರು, ಮತ್ತೊಮ್ಮೆ ಎಣಿಸಿದರು.

"ಬಾಯಮ್ಮ, ಇವರು ಹೊಡೆದದ್ದು ಐದು. ಇಲ್ಲಿ ಆರು ಉಂಟಲ್ಲ!"

ಆ ಆರರಲ್ಲಿ ಒಂದು ಸರಿಯಾಗಿ ನಟ್ಟನಡುವಿನ ವೃತ್ತದಲ್ಲಿತ್ತು. ಅದು ನನ್ನದು ಎಂದು ಅಕೀದರು ವಾದಿಸಿದರು. ಲೆಬನಾನಿನವರು ಒಪ್ಪಲಿಲ್ಲ, ಬೇಕಾದರೆ ಹೊರ ಅಂಚಿನದ್ದನ್ನು ತೆಗೆದುಕೊಳ್ಳಲಿ ಎಂದರು. ಇಬ್ಬರೂ ಅರಬ್ಬಿಯಲ್ಲಿ ಜಗಳ ಶುರುಮಾಡಿದರು. ಅಷ್ಟರಲ್ಲಿ ಹೊರಗೆ ವ್ಯಾನಿನ ಹಾರ್ನ್ ಕೇಳಿತು. ನಾನು ಕಿವಿಮುಚ್ಚಳ ತೆಗೆದಿಟ್ಟು, ಬ್ಯಾಗು ಹಿಡಿದುಕೊಂಡು ಹೊರಟೆ. ಅವರಿನ್ನೂ ಕಾಗದವನ್ನು ಆ ಕಡೆಯಿಂದ ಒಬ್ಬರು, ಈ ಕಡೆಯಿಂದ ಒಬ್ಬರು ಎಳೆಯುತ್ತಿದ್ದರು.