ರಾಜನಿಗೆ ಒಂದು ಜಿಗಿತ

ಟ್ರಂಕಿನ ತಳದಿಂದ ಆ ಬಟ್ಟೆಯನ್ನು ತೆಗೆದಾಗಲೆಲ್ಲ ಗಂಜಿಯ ವಾಸನೆ ಬರುತ್ತದೆ. ನೂಲಿಗೆ ಹಚ್ಚುವ, ಮೂಗಿಗೆ ಹುಳಿಹುಳಿಯಾಗಿ ಅಡರುವ ಗಂಜಿ. ಅದರ ಹಿಂದೆಯೇ ಬನಹಟ್ಟಿಯ ನಮ್ಮ ಮನೆ ಬರುತ್ತದೆ: ಪಡಸಾಲೆಯ ತುಂಬ ಮಗ್ಗಗಳು, ನೂಲಿನ ನವಿರು ಅಂಟಿದ ಜೇಡರ ಬಲೆ, ಗೋಡೆಗೆ ಒರಗಿ ಕೂತ ಮುತ್ಯಾ, ಅಂದರೆ ನಮ್ಮಪ್ಪನ ಅಪ್ಪ, ಅವನ ಮುಂದೆ ಹಾಸಿದ ಇದೇ ಬಟ್ಟೆ. ಕರಿ ಬಿಳಿ ಚೌಕಗಳ ಈ ಚದುರಂಗದ ಪಟವನ್ನು ಮುತ್ಯಾ ತಾನೇ ನೇಯ್ದಿದ್ದ. ಮಗ್ಗದ ಮನೆಯಲ್ಲಿ ಬೆಳೆದವರಿಗೆ ಗೊತ್ತಿರುತ್ತದೆ, ಲಾಳಿಯ ಸಪ್ಪಳಕ್ಕೆ ನಮಗೆ ನಿದ್ದೆ ಬರುತ್ತಿತ್ತು, ಅದು ನಿಂತರೆ ಎಚ್ಚರವಾಗುತ್ತಿತ್ತು. ಈಗ ಆ ಮನೆಯೂ ಇಲ್ಲ, ಮಗ್ಗಗಳೂ ಇಲ್ಲ. ಬಾಲ್ಯವನ್ನು ನೆನೆದು ಎಲ್ಲರೂ ಕರಗುತ್ತಾರೆ. ನಾನು ಕುದಿಯುತ್ತೇನೆ.

ಮುತ್ಯಾನ ಆಟ ಹಳೇ ಆಟ. ಅದರಲ್ಲಿ ರಾಜನನ್ನೂ ಆನೆಯನ್ನೂ ಒಂದೇ ನಡೆಯಲ್ಲಿ ಸರಿಸುವ ಕ್ಯಾಸ್ಲಿಂಗ್ ಎಂಬುದೇ ಇರಲಿಲ್ಲ. ಬದಲಿಗೆ, ಇನ್ನೂ ಶಹ, ಅಂದರೆ ಚೆಕ್, ಬೀಳದ ರಾಜ ಆಟದಲ್ಲಿ ಒಂದೇ ಒಂದು ಸಲ ಕುದುರೆಯಂತೆ ಜಿಗಿಯಬಹುದಿತ್ತು. "ರಾಜಾ ಅಂದ್ರ ರಾಜಾ ಲೇ. ಅವಗ ಒಂದ ಜಿಗತಾ ಮಾಫಿ," ಎನ್ನುತ್ತಿದ್ದ. ಸೋಲು ಕಂಡರೆ ನಡೆ ಹಿಂದಕ್ಕೆ ತೆಗೆದುಕೊಳ್ಳುವುದೂ ಅವನಿಗೆ ಮಾಫಿಯೇ. ನನ್ನ ಅಕ್ಕ ಮಾದೇವಿ ಬಿಡುತ್ತಿರಲಿಲ್ಲ. "ಮುತ್ಯಾ, ಕೈ ತಗಿ! ಇಟ್ಟದ್ದು ಇಟ್ಟಂಗ. ನಿನ್ನ ರಾಜಾ ಏನ್ ಅತ್ತೀ ಮನಿಗಿ ಬಂದಾನೇನ, ಹೊಳ್ಳಿ ಹೊಳ್ಳಿ ತವರಿಗಿ ಹೋಗಾಕ?" ಮುತ್ಯಾ ಬೊಚ್ಚು ಬಾಯಿ ತೆರೆದು ನಗುತ್ತಿದ್ದ. ಓಣಿಯ ಗಂಡಸರನ್ನೆಲ್ಲ ಅಕ್ಕ ಸೋಲಿಸಿದ್ದಳು. ಮಗ್ಗದ ಮೇಲೆ ಕೂತು, ಪಟದ ಕಡೆ ನೋಡದೆ, ಬಾಯಿಯಲ್ಲೇ ನಡೆ ಹೇಳುತ್ತಿದ್ದಳು. ಅವಳ ಪರವಾಗಿ ಕಾಯಿ ಇಡುವವಳು ನಾನು.

ಅವಳು ಹತ್ತನೆಯ ತರಗತಿ ಮುಗಿಸಿದ ವರ್ಷ ಜಮಖಂಡಿಯ ಒಂದು ಕಾಲೇಜಿನವರು ಹುಡುಗಿಯರಿಗೆ ಚದುರಂಗ ಪಂದ್ಯ ಇಟ್ಟರು. ಗೆದ್ದವಳಿಗೆ ಹಾಸ್ಟೆಲ್ ಸಹಿತ ಪುಕ್ಕಟೆ ಓದು. ಅಪ್ಪನಿಗೆ ಮಗ್ಗಕ್ಕೆ ಒಂದು ಆಳು ಬೇಕಿತ್ತು. ಆದರೂ ಅಂದ: "ಗೆದ್ದ ಬಾ, ಕಳಸ್ತೀನಿ. ಸೋತರ ಓದಿನ ಮಾತ ತಗೀಬ್ಯಾಡ." ಸಾಲೆಯ ಆಟದ ಮಾಸ್ತರರು ಬಸ್ಸಿನಲ್ಲಿ, ಕಂಡಕ್ಟರನ ಜೊತೆ ಹರಟುತ್ತಲೇ, ಅಕ್ಕನಿಗೆ ಕ್ಯಾಸ್ಲಿಂಗ್ ಹೇಳಿಕೊಟ್ಟರು. "ರಾಜನ್ನ ಎರಡ ಮನಿ ಸರಸು, ಆನಿನ ಅವನ ಬಾಜೂಕ ತಂದ ಇಡು. ಮುಗೀತ." ಮುಗಿದಿರಲಿಲ್ಲ. ರಾಜನಾಗಲಿ ಆ ಆನೆಯಾಗಲಿ ಮೊದಲೇ ಒಮ್ಮೆ ಅಲುಗಿದ್ದರೆ ಹಾಗೆ ಮಾಡುವಂತಿಲ್ಲ ಎಂಬುದನ್ನು ಅವರು ಹೇಳಲಿಲ್ಲ. ರಾಜ ಕುದುರೆಯಂತೆ ಜಿಗಿಯುವಂತಿಲ್ಲ ಎಂಬುದನ್ನೂ ಹೇಳಲಿಲ್ಲ. ಅಕ್ಕನನ್ನೂ ಜೊತೆಗೆ ಹೋಗಿದ್ದ ನನ್ನನ್ನೂ ಪಂದ್ಯದ ಕೋಣೆಯಲ್ಲಿ ಕೂಡಿಸಿ ಚಹಾಕ್ಕೆ ಹೋದರು.

ಅಕ್ಕ ಫೈನಲ್ ತನಕ ಬಂದಳು. ಅಲ್ಲಿಯವರೆಗೆ ಅವಳ ರಾಜನಿಗೆ ಜಿಗಿಯುವ ಪ್ರಸಂಗವೇ ಬಂದಿರಲಿಲ್ಲ. ಫೈನಲ್‌ನಲ್ಲಿ ಅನಗವಾಡಿಯ ಹುಡುಗಿ ಬಿಗಿಯಾಗಿ ಒತ್ತಿಕೊಂಡು ಬಂದಾಗ ಅಕ್ಕ ರಾಜನನ್ನು ಎತ್ತಿ ಜಿಗಿಸಿದಳು. ತೀರ್ಪುಗಾರರು ಅದನ್ನು ಅಕ್ರಮ ನಡೆ ಎಂದು ರಾಜನನ್ನು ವಾಪಸು ಇಟ್ಟರು, ಎದುರಾಳಿಗೆ ಎರಡು ನಿಮಿಷ ಹೆಚ್ಚು ಕೊಟ್ಟರು, ಇನ್ನೊಂದು ತಪ್ಪಾದರೆ ಆಟವೇ ಹೋಗುತ್ತದೆ ಎಂದರು. ಮುಟ್ಟಿದ ಕಾಯಿಯನ್ನೇ ಆಡಬೇಕೆಂದು ರಾಜನನ್ನು ಒಂದು ಮನೆ ಸರಿಸಬೇಕಾಯಿತು. "ನಮ್ಮ ಮುತ್ಯಾನೂ ಹಂಗ ಜಿಗಸ್ತಾನ ಬೇ," ಎಂದು ಆ ಹುಡುಗಿ ಮೆಲ್ಲಗೆ ಅಂದಳು, ಪಾಪ. ಅಕ್ಕನ ಕಿವಿಗಳು ಕೆಂಪಾಗಿದ್ದವು. ಆದರೂ ತಡೆದುಕೊಂಡು ಆಡಿದಳು, ಒಂದು ಕುದುರೆ ಹೊಡೆದಳು, ರಾಜನನ್ನು ಮರಳಿ ಅವನ ಮನೆಗೆ ತಂದಳು. ಅವನು ಮನೆಗೆ ಬಂದನಲ್ಲ ಎಂಬ ಧೈರ್ಯದಲ್ಲಿ, ಮಾಸ್ತರರು ಹೇಳಿದಂತೆಯೇ ಎರಡು ಮನೆ ಸರಿಸಿ ಆನೆಯನ್ನು ಬಾಜೂಕ್ಕೆ ತಂದಿಟ್ಟಳು. ರಾಜ ಆಗಲೇ ಅಲುಗಿದ್ದನಲ್ಲ, ಎರಡನೆಯ ಅಕ್ರಮ ನಡೆ. ಗೆಲ್ಲುತ್ತಿದ್ದ ಆಟ ಹೋಯಿತು.

ತೀರ್ಪುಗಾರರ ಮೇಲೆ ನನಗೆ ಸಿಟ್ಟಿಲ್ಲ, ನಿಯಮ ನಿಯಮವೇ. ನನ್ನ ಸಿಟ್ಟು ಆ ಮಾಸ್ತರರ ಮೇಲೆ. ನಮ್ಮ ಪಡಸಾಲೆಯಲ್ಲಿ ಕೂತು, ನಮ್ಮವ್ವ ಕೊಟ್ಟ ಚಹಾ ಕುಡಿಯುತ್ತ, "ರೂಲ್ಸ ಗೊತ್ತಿಲ್ರೀ ನಿಮ್ಮ ಹುಡಿಗಿಗಿ," ಎಂದರಲ್ಲ, ಆ ಮಾತಿನ ಮೇಲೆ. "ಸೋತಾಳಲ್ಲ? ಆತು ಬಿಡ್ರಿ," ಎಂದ ಅಪ್ಪನ ಮೇಲೆ. ಎಲ್ಲಕ್ಕಿಂತ ಹೆಚ್ಚು, ನಾನು ಅಷ್ಟು ಪ್ರೀತಿಸಿದ ಮುತ್ಯಾನ ಮೇಲೆ. ರಾಜನಿಗೆ ಒಂದು ಜಿಗಿತ ಮಾಫಿ ಎಂದು ಜೀವಮಾನವೆಲ್ಲ ಹೇಳಿದವನು, ಮಗನಿಗೆ ಒಂದು ಮಾತು ಹೇಳಲಿಲ್ಲ: ಈಕೆಗೂ ಇನ್ನೊಂದು ಅವಕಾಶ ಕೊಟ್ಟು ನೋಡೋಣ ಎಂದು. ಪಟ ಹಾಸಿ, "ಬಾರ ಮಾದೇವಿ, ಒಂದ ಆಟ ಆಡೂನು," ಎಂದ ಅಷ್ಟೇ. ಅಕ್ಕ ಆಗಲೇ ಮಗ್ಗದ ಮೇಲೆ ಕೂತಿದ್ದಳು. ತಿರುಗಿ ನೋಡಲಿಲ್ಲ. ಮತ್ತೆಂದೂ ಆಡಲೂ ಇಲ್ಲ.

ನನ್ನ ಹತ್ತನೆಯದು ಮುಗಿದಾಗ ಮಗ್ಗಕ್ಕೆ ಆಳು ಬೇಕು ಎಂದು ಅಪ್ಪ ಮತ್ತೆ ಅದೇ ರಾಗ ತೆಗೆದ. ಲಾಳಿ ಫಕ್ಕನೆ ನಿಂತಿತು. "ಇಕೀನ್ನ ಕಾಲೇಜಿಗಿ ಹಚ್ಚೂ ತನಕಾ ನಾ ಮಗ್ಗಕ್ಕ ಕೈ ಹಚ್ಚೂದಿಲ್ಲ," ಎಂದಳು ಅಕ್ಕ. ಸಾವಕಾರರಿಗೆ ಕೊಡಬೇಕಾದ ಸೀರೆ ಅರ್ಧಕ್ಕೆ ನಿಂತಿತ್ತು. ಅಪ್ಪ ಕೂಗಾಡಿದ, ಅವ್ವ ಅತ್ತಳು, ಅಕ್ಕ ಹೊಸ್ತಿಲ ಮೇಲೆ ಕೂತು ಉಗುರು ತೆಗೆಯುತ್ತಿದ್ದಳು. ಕೊನೆಗೆ ನಾನು ಕಾಲೇಜಿಗೆ ಹೋದೆ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಹೆಮ್ಮೆಯಿಂದಲೇ ಹೇಳುತ್ತೇನೆ, ಮತ್ತು ಅದು ಯಾರ ಸರದಿಯಾಗಿತ್ತು ಎಂಬುದನ್ನು ಮರೆಯದೆ ಹೇಳುತ್ತೇನೆ.

ಮುತ್ಯಾ ಹೋದ. ಮಗ್ಗಗಳ ಕಟ್ಟಿಗೆ ಒಲೆಗೆ ಹೋಯಿತು, ಮನೆ ಮೂರು ಪಾಲಾಗಿ ಬಿತ್ತು. ಅಕ್ಕ ಈಗ ತೇರದಾಳದ ಸೊಸೆ. ಮೊನ್ನೆ ಹೋದಾಗ ಅವಳ ಮುಂದೆ ಈ ಪಟ ಹಾಸಿ ಕಾಯಿಗಳನ್ನು ಸುರಿದೆ. ಅವಳು ಬಟ್ಟೆಯ ಅಂಚನ್ನು ಎತ್ತಿ ಮೂಸಿದಳು. ರಾಜನನ್ನು ಅವನ ಮನೆಯಲ್ಲಿ, ಆನೆಯನ್ನು ಅದರ ಮೂಲೆಯಲ್ಲಿ ಇಟ್ಟಳು. ನಡುವೆ ಏನೂ ಇರಲಿಲ್ಲ.

"ಇವೆರಡೂ ಇನ್ನೂ ಅಳ್ಳಾಡಿಲ್ಲ. ಈಗ ಮಾಡಬೌದಲ್ಲ?"

"ಮಾಡಬೌದು ಅಕ್ಕಾ."

ರಾಜನ ತಲೆಯ ಮೇಲೆ ಅವಳ ಬೆರಳು ಒಂದು ಗಳಿಗೆ ನಿಂತಿತು. ಆಮೇಲೆ ಕೈ ಹಿಂದಕ್ಕೆ ತೆಗೆದು, ಹಾಲು ಉಕ್ಕುತ್ತದೆಂದು ಎದ್ದು ಒಳಗೆ ಹೋದಳು.