ತಾರಸಿಯ ಮೇಲೆ ದೊರೆಸಾನಿ

ಮದುವೆಯಾದ ಎರಡನೇ ವರ್ಷ ನಾನು, ನಮ್ಮವರು, ಅತ್ತೆ ಬಸವನಗುಡಿಯ ವಠಾರ ಬಿಟ್ಟು ಜಯನಗರಕ್ಕೆ ಬಂದೆವು. ಅರವತ್ತರ ದಶಕದ ಮೊದಲ ವರ್ಷಗಳು. ರಸ್ತೆ ಹಾಕಿ ಕಲ್ಲು ನೆಟ್ಟಿದ್ದರೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಮನೆಯ ಯಜಮಾನರು ಪಕ್ಕದ ಹಳ್ಳಿಯ ರೈತರು. ಅವರ ರಾಗಿ ಹೊಲದ ಮೇಲೆಯೇ ನಮ್ಮ ಬೀದಿ ಎದ್ದಿತ್ತು. ಉಳಿದ ತುಂಡು ಜಾಗದಲ್ಲಿ ಮಹಡಿ ಮನೆ ಕಟ್ಟಿಸಿ, ಕೆಳಗಿನದನ್ನು ನಮಗೂ ಮೇಲಿನದನ್ನು ಒಬ್ಬ ಜರ್ಮನ್ ಇಂಜಿನಿಯರಿಗೂ ಬಾಡಿಗೆಗೆ ಕೊಟ್ಟಿದ್ದರು. ತಾವು ಹಿಂದಿನ ಹೆಂಚಿನ ಮನೆಯಲ್ಲೇ ಇದ್ದರು.

ಆ ಇಂಜಿನಿಯರು ಬೆಳಿಗ್ಗೆ ಕಾರ್ಖಾನೆಗೆ ಹೋದರೆ ಬರುವುದು ಕತ್ತಲಾದ ಮೇಲೆ. ಹೆಂಡತಿ ಒಬ್ಬಳೇ ಇರುತ್ತಿದ್ದಳು. ಮೂವತ್ತೈದು ದಾಟಿರಬಹುದು, ಎತ್ತರದ ಹೆಂಗಸು, ಬಿಳಿಚಿದ ಮುಖ. ಬೀದಿಯವರೆಲ್ಲ ಅವಳನ್ನು ದೊರೆಸಾನಿ ಅನ್ನುತ್ತಿದ್ದರು. ನಾನು ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದೆ, ಇಂಗ್ಲಿಷ್ ಬರುತ್ತಿತ್ತು. ಹಾಗಾಗಿ ಅವಳಿಗೂ ಬೀದಿಗೂ ನಡುವಿನ ಮಾತೆಲ್ಲ ನನ್ನ ಮೂಲಕವೇ ಆಗಬೇಕಿತ್ತು.

ಡಿಸೆಂಬರಿನ ಒಂದು ಶನಿವಾರ ಮಧ್ಯಾಹ್ನ, ಎದುರು ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದ ಮೇಸ್ತ್ರಿ ನಮ್ಮ ಗೇಟಿನ ಹೊರಗೆ ನಿಂತು ಕೂಗಿದ. ಹೋಗಿ ನೋಡಿದರೆ ತಲೆ ಎತ್ತುತ್ತಿಲ್ಲ.

"ಅಮ್ಮಾ, ಆಳುಗಳು ಸಾರ್ವೆ ಹತ್ತಲ್ಲ ಅಂತಾವ್ರೆ."

"ಯಾಕಪ್ಪ, ಬೊಂಬು ಮುರೀತಾ?"

"ಇಲ್ಲಮ್ಮ. ಮೇಲಕ್ಕೆ ಹತ್ತಿದ್ರೆ ನಿಮ್ಮ ತಾರಸಿ ಕಾಣತ್ತೆ." ಅವನು ತಲೆಯ ವಸ್ತ್ರ ಬಿಚ್ಚಿ ಕೊಡವಿದ. ಆಮೇಲೆ ಅಂದ, "ಆ ದೊರೆಸಾನಿ ಅಲ್ಲಿ ಮಲಗವ್ರೆ. ಮೈಮೇಲೆ ಏನೂ ಇಲ್ಲ."

ಎದುರುಗಡೆ ನೋಡಿದೆ. ಗಾರೆ ಹೊರುವ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಮರಳಿನ ರಾಶಿಯ ಹಿಂದೆ ಕೂತಿದ್ದರು. ಗಂಡಾಳುಗಳು ನಮ್ಮ ಮನೆಗೆ ಬೆನ್ನು ಹಾಕಿ ಬೀಡಿ ಸೇದುತ್ತಿದ್ದರು. ಕದ್ದು ನೋಡುವವರು ಯಾರೂ ಇರಲಿಲ್ಲ. ಅವರಿಗೆ ನಿಜಕ್ಕೂ ಏನು ಮಾಡಬೇಕೋ ತಿಳಿದಿರಲಿಲ್ಲ.

ಯಜಮಾನರಿಗೆ ಸುದ್ದಿ ಮುಟ್ಟಿತು. ರಸ್ತೆ ಬದಿಯ ಬಾವಿಕಟ್ಟೆಯಲ್ಲಿ ಸ್ನಾನಕ್ಕೆ ನಿಂತಿದ್ದವರು ಹಾಗೇ ಕೌಪೀನದಲ್ಲೇ ಬಂದು, ಮೈಯಿಂದ ನೀರು ಸುರಿಯುತ್ತಿದ್ದಂತೆ ನಮ್ಮ ಅಂಗಳದಲ್ಲಿ ನಿಂತು ರೇಗಿದರು. "ಮಾನ ಮರ್ಯಾದೆ ಇರೋ ಬೀದಿ ಇದು. ತಿಂಗಳ ಕೊನೆಗೆ ಮನೆ ಖಾಲಿ ಮಾಡ್ಲಿ ಅಂತ ಹೇಳಮ್ಮ ನೀನು."

ನಾನು ಮೆಟ್ಟಿಲು ಹತ್ತಿದೆ. ಏನು ಹೇಳಬೇಕೆಂದು ಇಂಗ್ಲಿಷಿನಲ್ಲಿ ಎರಡು ಸಲ ಮನಸ್ಸಿನಲ್ಲೇ ಕಟ್ಟಿಕೊಂಡಿದ್ದೆ. ದೊರೆಸಾನಿ ಅಷ್ಟರಲ್ಲಿ ಟವೆಲ್ ಸುತ್ತಿಕೊಂಡು ಅಡುಗೆಮನೆಗೆ ಬಂದಿದ್ದಳು. ಕೂರಿಸಿ ಕಾಫಿ ಕೊಟ್ಟಳು. ನಾನು ಹೇಳಿದ್ದನ್ನು ಕೋಪವಿಲ್ಲದೆ ಕೇಳಿದಳು.

"ನಾನು ನನ್ನ ಮನೆ ಮೇಲೆ ಮಲಗಿದ್ದೆ. ನಮ್ಮೂರಲ್ಲಿ ಸರೋವರದ ದಡದಲ್ಲಿ ಅಪ್ಪ, ಅಮ್ಮ, ಮಕ್ಕಳು ಎಲ್ಲರೂ ಹೀಗೇ ಮಲಗುತ್ತಾರೆ. ಯಾರೂ ಯಾರನ್ನೂ ನೋಡಲ್ಲ."

"ಇಲ್ಲಿ ನೋಡ್ತಾರೆ."

"ಯಜಮಾನರು ದಿನಾ ರಸ್ತೆ ಪಕ್ಕ ಅಂಗೈ ಅಗಲದ ಬಟ್ಟೆ ಕಟ್ಟಿಕೊಂಡು ಸ್ನಾನ ಮಾಡ್ತಾರಲ್ಲ?"

"ಅವರು ಗಂಡಸರು. ವಯಸ್ಸಾದವರು." ಹೇಳುವಾಗಲೇ ನನಗೆ ಇದು ಉತ್ತರವಲ್ಲ ಅನ್ನಿಸಿತು.

ಅವಳು ನನ್ನ ಸೀರೆ ನೋಡಿದಳು. "ನಿಮಗೆ ಬೇಜಾರಾಗದಿದ್ರೆ ಒಂದು ಹೇಳ್ತೀನಿ. ನಮ್ಮಲ್ಲಿ ಯಾವ ಟೀಚರೂ ಸೊಂಟ, ಹೊಟ್ಟೆ ಕಾಣೋ ಬಟ್ಟೆ ಹಾಕಿಕೊಂಡು ಪಾಠಕ್ಕೆ ಹೋಗಲ್ಲ. ನಿಮ್ಮನ್ನ ಮೊದಲ ದಿನ ನೋಡಿದಾಗ ನನಗೆ ಕಣ್ಣು ಎಲ್ಲಿಡೋದು ಅಂತ ಗೊತ್ತಾಗಲಿಲ್ಲ."

ನನ್ನ ಕೈ ತಾನಾಗಿ ಸೆರಗಿನ ಕಡೆ ಹೋಯಿತು. ಅವಳು ನಕ್ಕಳು, ನಾನೂ ನಕ್ಕೆ. ಆದರೂ ಸೋಮವಾರದಿಂದ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಕೈ ಎತ್ತಿ ಬರೆಯುವಾಗಲೆಲ್ಲ ನನಗೆ ನನ್ನ ಸೊಂಟದ ನೆನಪಾಗುತ್ತಿತ್ತು. ಅದುವರೆಗೆ ಅಲ್ಲೊಂದು ಸೊಂಟವಿದೆ ಅನ್ನುವುದೇ ನನ್ನ ತಲೆಗೆ ಹೊಳೆದಿರಲಿಲ್ಲ.

ಯಜಮಾನರಿಗೆ ಏನೋ ಸಮಾಧಾನ ಹೇಳಿದೆ. ದೊರೆಸಾನಿ ಒಂದು ವಾರ ತಾರಸಿ ಹತ್ತಲಿಲ್ಲ. ಎದುರು ಮನೆಯ ಗೋಡೆ ಏರಿತು.

ಆ ವಾರದ ಕೊನೆಗೇ ಬೀದಿಗೆ ದಿಗಂಬರ ಮುನಿಗಳು ಬಂದರು. ತಮಿಳುನಾಡಿನ ಕಡೆಯಿಂದ ಹೊಸೂರು ರಸ್ತೆ ಹಿಡಿದು ಶ್ರವಣಬೆಳಗೊಳಕ್ಕೆ ನಡೆದು ಹೊರಟವರು. ಕೊನೆಯ ತಿರುವಿನಲ್ಲಿದ್ದ ಜೈನ ವ್ಯಾಪಾರಿಯ ಮನೆಯಲ್ಲಿ ಅವರ ಆಹಾರಕ್ಕೆ ಸಿದ್ಧತೆ ನಡೆದಿದೆಯೆಂದು ಹಿಂದಿನ ದಿನವೇ ಗೊತ್ತಾಗಿತ್ತು. ನಮ್ಮದು ಶೈವ ಮನೆತನ, ಯಜಮಾನರದು ಇನ್ನೊಂದು ಒಕ್ಕಲು. ಆದರೂ ಬೆಳಗಾಗುವಷ್ಟರಲ್ಲಿ ಎಲ್ಲರ ಬಾಗಿಲಿಗೂ ನೀರು ಬಿದ್ದು ರಂಗೋಲಿ ಎದ್ದಿತ್ತು.

ನಾನು ಅಂಥವರನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಬಿಸಿಲಿಗೆ ಕಪ್ಪಾದ ಮೈ, ಮೊಣಕಾಲವರೆಗೆ ಧೂಳು, ಕೈಯಲ್ಲಿ ನವಿಲುಗರಿಯ ಪಿಂಛಿ ಮತ್ತು ಮರದ ಕಮಂಡಲ. ಕಣ್ಣು ನೆಲದ ಮೇಲೆ, ಇರುವೆ ತುಳಿಯದ ಹಾಗೆ ಹೆಜ್ಜೆ. ಸಾರ್ವೆಯ ಮೇಲಿದ್ದ ಆಳುಗಳು ಸರಸರನೆ ಕೆಳಗಿಳಿದು ಸಾಲಾಗಿ ಕೈಮುಗಿದು ನಿಂತರು. ಗಾರೆ ಹೊರುವ ಹೆಂಗಸರು ಬಗ್ಗಿ ನಮಸ್ಕರಿಸಿದರು. ಯಜಮಾನರು ಅಂದು ಶರ್ಟು, ಪಂಚೆ, ಮೇಲೆ ಕೋಟು ಹಾಕಿಕೊಂಡು ಬಂದಿದ್ದರು. ಯಾರ ಮುಖದಲ್ಲೂ ಮುಜುಗರವಿರಲಿಲ್ಲ. ನನಗೂ ಆಗಲಿಲ್ಲ, ಅದನ್ನು ನಾನು ಗಮನಿಸಿದ್ದು ಆಮೇಲೆ.

ದೊರೆಸಾನಿ ಉದ್ದ ತೋಳಿನ ಫ್ರಾಕಿನಲ್ಲಿ ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಮುನಿಗಳು ತಿರುವು ದಾಟಿದ ಮೇಲೆ ಇಳಿದು ನೇರ ನಮ್ಮ ನಡುಮನೆಗೆ ಬಂದಳು. ಅತ್ತೆ ಆಗಷ್ಟೇ ಒಳಗೆ ಬಂದು ಮಂಡಿ ನೀವಿಕೊಳ್ಳುತ್ತ ಕೂತಿದ್ದರು.

"ನಿಮ್ಮ ಅತ್ತೇನ ಕೇಳಿ," ಅಂದಳು ನನಗೆ. "ಆ ಸ್ವಾಮಿಗಳು ಬೀದಿಯಲ್ಲೇ ಹೋಗಬಹುದು, ನಾನು ತಾರಸಿ ಮೇಲೆ ಮಲಗಬಾರದು. ಯಾಕೆ?"

ಅತ್ತೆ ತಿಪಟೂರು ಕಡೆಯವರು. ಓದು ಬರಹ ಅಷ್ಟಕ್ಕಷ್ಟೇ, ಮಾತು ಚೊಕ್ಕ. ನಾನು ಕನ್ನಡದಲ್ಲಿ ಹೇಳಿದ್ದನ್ನು ಕೇಳಿ, ಮಂಡಿ ನೀವುವುದನ್ನು ನಿಲ್ಲಿಸಿ ಅಂದರು.

"ಅವರು ಬಿಟ್ಟೋರು. ಇವಳು ಕಳಚಿಟ್ಟೋಳು. ಸಂಜೆ ಮತ್ತೆ ಹಾಕ್ಕೋತಾಳಲ್ಲ."

ಬಿಡುವುದಕ್ಕೂ ಕಳಚುವುದಕ್ಕೂ ಇರುವ ಅಂತರವನ್ನು ಇಂಗ್ಲಿಷಿಗೆ ತರಲು ನಾನು ಒದ್ದಾಡಿದೆ. ದೊರೆಸಾನಿಗೆ ಹೇಗೋ ಅರ್ಥವಾಯಿತು. "ನಿಜ," ಅಂದಳು. "ಹಾಕಿಕೊಳ್ತೀನಿ. ಸಂಜೆ ಚಳಿಯಾಗತ್ತೆ. ನನಗೆ ಬಿಡೋದೇನೂ ಬೇಕಾಗಿಲ್ಲ, ಬಿಸಿಲು ಬೇಕು ಅಷ್ಟೇ." ಆಮೇಲೆ ಅವಳ ಕಣ್ಣು ದೇವರ ಗೂಡಿನ ಪಕ್ಕದ ಪಟದ ಮೇಲೆ ನಿಂತಿತು. ಬಟ್ಟೆ ತೊರೆದು ಕೂದಲನ್ನೇ ಹೊದ್ದು ಹೊರಟ ಶರಣೆಯ ಪಟ ಅದು. "ಇವರು?"

"ಆಕೆನೂ ಬಿಟ್ಟೋಳೇ," ಅಂದರು ಅತ್ತೆ.

"ಆದರೆ ಅವರಿಗೆ ಪಾದದವರೆಗೂ ಕೂದಲಿದೆಯಲ್ಲ. ಆ ಸ್ವಾಮಿಗಳಿಗೆ ಅಷ್ಟೂ ಇರಲಿಲ್ಲ."

ಅತ್ತೆ ಪಟವನ್ನು ಹೊಸದಾಗಿ ನೋಡುವವರಂತೆ ನೋಡಿದರು. ಬೈಯುತ್ತಾರೆ ಅಂತ ನಾನು ಹೆದರಿದೆ. ಅವರು ಅಂದದ್ದು ಇಷ್ಟು: "ಪಟ ಬರೆದೋನು ಗಂಡಸಲ್ವಾ. ಅವನಿಗೆ ನಾಚಿಕೆ ಆಗಿರ್ಬೇಕು."

ಇದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದಾಗ ದೊರೆಸಾನಿ ಎಷ್ಟು ನಕ್ಕಳೆಂದರೆ ಕೆಮ್ಮು ಬಂತು. ಕೆಮ್ಮು ಬೇಗ ನಿಲ್ಲಲಿಲ್ಲ. ಅತ್ತೆ ಎದ್ದು ಹೋಗಿ ಬಿಸಿನೀರು ತಂದುಕೊಟ್ಟರು.

ಅವತ್ತು ಸಂಜೆ ಅತ್ತೆಯೇ ಯಜಮಾನರನ್ನು ಕರೆಸಿದರು. "ಮನೆ ಬಿಡಿಸೋದು ಬೇಡ. ತಾರಸಿ ಸುತ್ತ ತೆಂಗಿನ ಗರಿ ತಟ್ಟಿ ಕಟ್ಟಿಸಿ. ಬಿಸಿಲು ಮೇಲಿಂದ ತಾನೇ ಬರೋದು?" ಯಜಮಾನರು ಗೊಣಗಿದರು, ಆದರೆ ಅತ್ತೆಗೆ ಎದುರಾಡುವವರಲ್ಲ. ದೊರೆಸಾನಿ ಪೇಟೆಗೆ ಹೋದ ಹೊತ್ತು ನೋಡಿ ತಾವೇ ಹತ್ತಿ ತಟ್ಟಿ ಕಟ್ಟಿದರು. ಬೇಕಾದ್ದಕ್ಕಿಂತ ಒಂದು ಮೊಳ ಎತ್ತರಕ್ಕೇ ಕಟ್ಟಿದ್ದರು.

ಜನವರಿಯಲ್ಲಿ ಅತ್ತೆಯ ಮಂಡಿನೋವು ಜೋರಾಯಿತು. ಡಾಕ್ಟರು ಎಣ್ಣೆ ಹಚ್ಚಿ ಬಿಸಿಲಿಗೆ ಕೂರಲು ಹೇಳಿದರು. ನಮ್ಮ ಅಂಗಳಕ್ಕೆ ಬಿಸಿಲು ಬರುವುದೇ ಹನ್ನೊಂದರ ಮೇಲೆ, ಅದೂ ರಸ್ತೆಯವರ ಕಣ್ಣೆದುರಿಗೆ. ಒಂದು ಶನಿವಾರ ಸ್ಕೂಲಿನಿಂದ ಬಂದರೆ ಅತ್ತೆ ಮನೆಯಲ್ಲಿಲ್ಲ. ತಾರಸಿಗೆ ಹೋದೆ. ದೊರೆಸಾನಿ ಚಾಪೆಯ ಮೇಲೆ ಮೈಮೇಲೆ ಎಳೆ ನೂಲಿಲ್ಲದೆ ಬೋರಲು ಮಲಗಿದ್ದಳು. ಅತ್ತೆ ಲಂಗವನ್ನು ಎದೆಯ ಮೇಲೆ ಕಟ್ಟಿಕೊಂಡು, ಅವಳಿಗೆ ಬೆನ್ನು ಮಾಡಿ, ಕಾಲು ಚಾಚಿ ಹರಳೆಣ್ಣೆ ನೀವಿಕೊಳ್ಳುತ್ತಿದ್ದರು. ಅತ್ತೆಯ ತೋಳು ಭುಜ ಅಷ್ಟು ಬಿಳಿಯಿರುವುದು ನನಗೆ ಗೊತ್ತೇ ಇರಲಿಲ್ಲ. ಅವರು ಕನ್ನಡದಲ್ಲಿ ಏನೋ ಹೇಳುತ್ತಿದ್ದರು, ಅವಳು ಜರ್ಮನ್‌ನಲ್ಲಿ. ನಾನು ಸದ್ದಿಲ್ಲದೆ ಇಳಿದು ಬಂದೆ.

ಊಟಕ್ಕೆ ಕೂತಾಗ ಅತ್ತೆ ಅಂದರು, "ಆ ಹುಡುಗಿಗೆ ಪಕ್ಕೆಲುಬಿನ ಹತ್ರ ಇಷ್ಟುದ್ದ ಹೊಲಿಗೆ ಇದೆ ಕಣೆ. ಶ್ವಾಸಕೋಶ ಕೊಯ್ದಿದಾರೆ."

"ಯಾರು ಹೇಳಿದ್ರು?"

"ಅವಳೇ."

"ಯಾವ ಭಾಷೇಲಿ?"

"ನಂಗೇನ್ ಗೊತ್ತು. ತೋರಿಸಿದ್ಲು, ಕೆಮ್ಮಿದ್ಲು, ಅತ್ಲು."

ಆಮೇಲೆ ನಾನೇ ಕೇಳಿದಾಗ ದೊರೆಸಾನಿ ಪೂರ್ತಿ ಹೇಳಿದಳು. ಯುದ್ಧದ ಕಾಲದಲ್ಲಿ ಅವಳು ಇನ್ನೂ ಚಿಕ್ಕವಳು. ತಿಂಗಳುಗಟ್ಟಲೆ ನೆಲಮಾಳಿಗೆಯಲ್ಲಿದ್ದು ಕ್ಷಯ ಹಿಡಿಯಿತು. ಗುಡ್ಡದ ಮೇಲಿನ ಆಸ್ಪತ್ರೆಯಲ್ಲಿ ರೋಗಿಗಳನ್ನೆಲ್ಲ ಬಟ್ಟೆಯಿಲ್ಲದೆ ಬಿಸಿಲಿಗೆ ಸಾಲಾಗಿ ಮಲಗಿಸುತ್ತಿದ್ದರು. ಅವಳ ಪಾಲಿಗೆ ಬೆತ್ತಲೆಯೆಂದರೆ ಅದೇ, ಔಷಧಿ. ಈಗ ರೋಗವಿಲ್ಲ, ಅಭ್ಯಾಸ ಉಳಿದಿದೆ ಅಂದಳು. ಕ್ಷಯದ ಮಾತನ್ನು ಬೀದಿಯಲ್ಲಿ ಯಾರಿಗೂ ಹೇಳಬೇಡಿ ಎಂದು ಕೇಳಿಕೊಂಡಳು. ಬೆತ್ತಲೆ ಮಲಗಿದ್ದು ಜನಕ್ಕೆ ಗೊತ್ತಾದರೆ ಅವಳಿಗೆ ನಾಚಿಕೆಯಿರಲಿಲ್ಲ, ಇದು ಗೊತ್ತಾದರೆ ಇತ್ತು. ನಾವಿಬ್ಬರೂ ಯಾರಿಗೂ ಹೇಳಲಿಲ್ಲ.

ಮುಂದಿನ ವರ್ಷ ಕಾರ್ಖಾನೆಯ ಕೆಲಸ ಮುಗಿದು ಅವರು ಊರಿಗೆ ಹೋದರು. ಹೊರಡುವ ದಿನ ಅವಳು ಅತ್ತೆಯನ್ನು ತಬ್ಬಿ ಕೆನ್ನೆಗೆ ಮುತ್ತಿಟ್ಟಳು, ನಡುಬೀದಿಯಲ್ಲಿ, ಎಲ್ಲರೆದುರು. ಅತ್ತೆ ಕೆಂಪಾಗಿಹೋದರು. ಅದಕ್ಕೂ ಬೀದಿ ಒಂದು ವಾರ ಮಾತಾಡಿಕೊಂಡಿತು.

ಆ ಮಳೆಗಾಲದ ಹೊತ್ತಿಗೆ ನನಗೆ ಮಗಳು ಹುಟ್ಟಿದಳು. ಬಾಣಂತಿಗೆ ನೀರು ಹಾಕಲು ಹಳ್ಳಿಯಿಂದ ಮುದುಕಿಯೊಬ್ಬರು ಬಂದರು. ನಮ್ಮಲ್ಲಿ ಹೆಣ್ಣುಮಕ್ಕಳು ಬಚ್ಚಲಿನ ಅಗುಳಿ ಹಾಕಿಕೊಂಡ ಮೇಲೂ ಮೈಮೇಲೊಂದು ಬಟ್ಟೆ ಇಟ್ಟುಕೊಂಡೇ ನೀರು ಹಾಕಿಕೊಳ್ಳುವುದು. ನಾನೂ ಒದ್ದೆ ಲಂಗವನ್ನು ಎದೆಗೆ ಒತ್ತಿ ಹಿಡಿದು ಮಣೆಯ ಮೇಲೆ ಕೂತಿದ್ದೆ. ಹಂಡೆಯ ನೀರು ಬಟ್ಟೆಯ ಮೇಲೆ ಬಿದ್ದು ಅಲ್ಲೇ ತಣ್ಣಗಾಗುತ್ತಿತ್ತು.

ಅತ್ತೆ ಒಳಗೆ ಬಂದರು. "ಅದನ್ನ ಕೊಡಿಲ್ಲಿ," ಅಂದು ಲಂಗ ಬಿಡಿಸಿಕೊಂಡು ಹಿಂಡಿ ತಂತಿಯ ಮೇಲೆ ಹಾಕಿದರು. "ನೀರು ಮೈಗೆ ಬೀಳ್ಬೇಕು, ಬಟ್ಟೆಗಲ್ಲ. ಸುಮ್ನೆ ಕೂತ್ಕೋ."

ಮುದುಕಿ ನನ್ನ ಮುಖ ನೋಡಿದರು, ಅತ್ತೆಯ ಮುಖ ನೋಡಿದರು. ಆಮೇಲೆ ಚೊಂಬು ತುಂಬಿಕೊಂಡು ಬಿಸಿನೀರನ್ನು ಬೆನ್ನ ಮೇಲೆ ಹೊಯ್ದರು. ಎರಡನೇ ಚೊಂಬಿನ ಹೊತ್ತಿಗೆ ನಾನು ಕೈಗಳನ್ನು ಮಡಿಲಿಗಿಳಿಸಿದೆ.