ಹೆಸರು ನೋಡಿ ಎಸೆಯುವ ದೆವ್ವ

ಹರಿಹರದ ನಮ್ಮ ಪಕ್ಕದ ಹಳೇ ಮನೆಯಲ್ಲಿ ಪಾತ್ರೆಗಳು ತಾವಾಗಿಯೇ ಹಾರುತ್ತಿದ್ದವು, ಮಂತ್ರಿಸಿದ ನಿಂಬೆಹಣ್ಣು ಕಟ್ಟಿದ ಮೇಲೆ ನಿಂತವು ಎಂದು ಓಣಿಯವರು ಹೇಳುತ್ತಾರೆ. ಹಾರಿದ ಪಾತ್ರೆಯನ್ನು ಇವರಲ್ಲಿ ಒಬ್ಬರಾದರೂ ಎತ್ತಿ ನೋಡಿದ್ದರೇ?

ನಾನು ನೋಡಿದೆ. ಒಂದು ಮಧ್ಯಾಹ್ನ ನಾನು ಆ ಮನೆಗೆ ಹೋಗಿದ್ದಾಗ ಅಡುಗೆಮನೆಯಿಂದ ಹಿತ್ತಾಳೆ ತಂಬಿಗೆಯೊಂದು ಹಾರಿ ಬಂದು ಪಡಸಾಲೆಯಲ್ಲಿ ನನ್ನ ಕಾಲ ಬಳಿಯೇ ಬಿತ್ತು. ಬಾಗಿಲಲ್ಲಿ ನೆರೆದಿದ್ದ ಜನ “ಭಾನಾಮತಿ!” ಎಂದು ಅಂಗಳಕ್ಕೆ ಓಡಿದರು. ಆ ಮನೆಯ ಹೊಸ ಸೊಸೆ ತನ್ನ ಟ್ರಂಕಿನ ಪಕ್ಕ ತಲೆ ತಗ್ಗಿಸಿ ಕೂತಿದ್ದಳು. ಅವಳನ್ನು ತವರಿಗೆ ಕರೆದೊಯ್ಯಲು ಅವಳ ಅಪ್ಪ ಮಾಯಕೊಂಡದಿಂದ ಗಾಡಿ ಕಟ್ಟಿಕೊಂಡು ಬಂದಿದ್ದ. ಅಡುಗೆಮನೆಯಲ್ಲಿ ಒಬ್ಬರೇ ಇದ್ದ ಅವಳ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಬಂದರು.

“ನೋಡಿದ್ರೇನ್ರಿ? ಈಕಿ ಹೊಸ್ತಿಲು ತುಳಿದಾಗಿಂದ ಹಿಂಗೇ ಐತೆ. ಮೊದ್ಲು ಕರ್ಕೊಂಡು ಹೋಗ್ರಿ, ಮತ್ತೆ ಕಳಿಸಾದು ಬ್ಯಾಡ.”

ದಾವಣಗೆರೆಯ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದು ಇಷ್ಟೇ: ಎದುರಾಳಿಯ ಸಾಕ್ಷಿಯನ್ನು ಮೊದಲು ಪರೀಕ್ಷಿಸಬೇಕು. ತಂಬಿಗೆ ಎತ್ತಿದೆ. ನಗ್ಗಿದ ಮೈಮೇಲೆ ಸೊಸೆಯ ಅಪ್ಪನ ಹೆಸರು ಕೊರೆದಿತ್ತು. ಮದುವೆಯಲ್ಲಿ ಅವನೇ ಕೊಟ್ಟದ್ದು. ಹಿಂದೆ ಹಾರಿ ನಗ್ಗಿ ಮೂಲೆ ಸೇರಿದ್ದ ಪಾತ್ರೆಗಳನ್ನೂ ತಿರುಗಿಸಿದೆ. ಎಲ್ಲದರ ಮೇಲೂ ಅದೇ ಹೆಸರು. ಅತ್ತೆಯ ಸ್ವಂತ ಕೊಡ, ಚರಿಗೆಗಳು ಮಾತ್ರ ಗೋಡೆಗೂಡಿನಲ್ಲಿ ಒಂದು ಗೀರೂ ಇಲ್ಲದೆ ಥಳಥಳಿಸುತ್ತಿದ್ದವು. ಎಂಥ ಮರ್ಯಾದಸ್ಥ ದೆವ್ವ!

ಸೊಸೆಯ ಅಪ್ಪ ತನ್ನ ಹೆಸರನ್ನು ಬೆರಳಿನಿಂದ ಸವರಿದ. ಮಗಳ ಟ್ರಂಕು ಎತ್ತಿ ಒಳಗಿಟ್ಟು, ಗಾಡಿಯನ್ನು ಖಾಲಿಯೇ ಹೊಡೆದುಕೊಂಡು ಹೋದ.

ಅಂದಿನಿಂದ ಒಂದು ಲೋಟವೂ ಹಾರಿಲ್ಲ. ಕೀರ್ತಿಯೆಲ್ಲ ಮರುದಿನ ಕಟ್ಟಿದ ನಿಂಬೆಹಣ್ಣಿಗೆ ಹೋಯಿತು. ಹೋಗಲಿ. ಅಂದು ತಂಬಿಗೆ ಹಿಡಿದು ಎಲ್ಲರೆದುರು ಆ ಅತ್ತೆಯನ್ನು ಕೇಳಿದ್ದನ್ನೇ ನಾನು ಇಂದಿಗೂ ಕೇಳುತ್ತೇನೆ: “ದೊಡ್ಡಮ್ಮಾರೇ, ನಿಮ್ಮನಿ ದೆವ್ವಕ್ಕೆ ಯಾವ ಪಾತ್ರೆ ಯಾರದು ಅಂತ ಹೇಳ್ಕೊಟ್ಟೋರು ಯಾರ್ರಿ?”